ಮಾರಮ್ಮನ ಪಾರ್ಟು

ಕೈಲಾಂಚ
ಶನಿವಾರ, ಜನವರಿ 18, 2025

ರಾಜಾಪಾರ್ಟು ರಾಮಲಿಂಗಯ್ಯನವರಿಗೆ, ಸಿಟ್ಟಿನಲ್ಲಿದ್ದರೂ ಮರ್ಯಾದೆ ಬಿಡದ ಮಾಯಮ್ಮ ಮಾಡುವ ನಮಸ್ಕಾರ.

ನಿಮ್ಮ ಹೆಸರು ಬರೆದೇಬಿಟ್ಟೆ, ನೋಡಿದಿರಾ? ಮದುವೆಯಾದಾಗಿನಿಂದ ಒಂದು ಸಲವೂ ಬಾಯಿಬಿಟ್ಟು ಹೇಳದ ಹೆಸರು. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರೇನು ಎಂದು ಕೇಳಿದಾಗಲೂ ಪಕ್ಕದಲ್ಲಿ ನಿಂತವರ ಕೈಲಿ ಹೇಳಿಸಿದವಳು ನಾನು. ಬರೆದರೆ ಹೇಳಿದ ಹಾಗಾಗುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ. ಇನ್ನೇನು ಮಾಡಲಿ? ಫೋನ್ ಮಾಡಿದರೆ ಕಟ್ ಮಾಡುತ್ತೀರಿ. ಕಾಗದವನ್ನು ಹೇಗೆ ಕಟ್ ಮಾಡುತ್ತೀರೋ ಅದನ್ನೂ ನೋಡೇಬಿಡೋಣ.

ದೇವರಾಜು, ಇದನ್ನು ನೀನು ಓದಿ ಹೇಳುತ್ತಿದ್ದರೆ ಇಲ್ಲಿಗೇ ನಿಲ್ಲಿಸಪ್ಪ. ನಿಮ್ಮಣ್ಣನಿಗೆ ಕನ್ನಡಕ ಹುಡುಕಿಕೊಟ್ಟು, ಕಾಗದ ಕೈಗೆ ಕೊಟ್ಟು ನೀನು ಆಚೆ ಹೋಗು. ಗಂಡ ಹೆಂಡಿರ ಮಾತು ಮೈದುನನಿಗೆ ಯಾಕೆ?

ಹೋದನಾ? ಸರಿ, ಈಗ ನಾವಿಬ್ಬರೇ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದೆಲ್ಲ ನನಗೆ ಗೊತ್ತು. ಹೊಟ್ಟೆಯ ಗಡ್ಡೆಯನ್ನು ಇನ್ನು ಕುಯ್ಯುವ ಹಾಗಿಲ್ಲ, ಔಷಧಿ ಏರಿಸಿಯೂ ಪ್ರಯೋಜನವಿಲ್ಲ, ನೋವಾಗದ ಹಾಗೆ ನೋಡಿಕೊಳ್ಳಿ ಎಂದರಂತೆ. ಅಷ್ಟು ಕೇಳಿಸಿಕೊಂಡ ನೀವು ಕೈಲಾಂಚಕ್ಕೆ ಬರಲಿಲ್ಲ. ಸೀದಾ ಕುದೂರಿಗೆ ಹೋಗಿ ತಮ್ಮನ ಮನೆಯ ಒಳಕೋಣೆ ಸೇರಿದಿರಿ. ದೀಪಾವಳಿ ಕಳೆದ ಮೇಲೆ ನಾನು ಅಲ್ಲಿಗೆ ಬಂದೆ. ಬಾಗಿಲು ಹಾಕಿತ್ತು. ದೇವರಾಜು ಅಡ್ಡ ನಿಂತು, ತಲೆ ತಗ್ಗಿಸಿಕೊಂಡು, "ಬ್ಯಾಸ್ರ ಮಾಡ್ಕಬ್ಯಾಡಿ ಅತ್ಗೆ. ಅಣ್ಣ ಬ್ಯಾಡ ಅಂತಾವ್ನೆ. ಅವ್ಳು ನೋಡಿರೋದು ರಾಜಾಪಾರ್ಟು, ಈ ಮೂಳೆ ಚಕ್ಕಳನ ನೋಡೋದು ಬ್ಯಾಡ ಅಂತಾವ್ನೆ" ಎಂದ. ನಾನು ಅವನ ಮೇಲೆ ಕೂಗಾಡಿ, ತಂದಿದ್ದ ಬುತ್ತಿಯನ್ನು ಅಲ್ಲೇ ಇಟ್ಟು ವಾಪಸ್ ಬಂದೆ. ದಾರಿಯುದ್ದಕ್ಕೂ ನಿಮ್ಮನ್ನು ಬೈದುಕೊಂಡೇ ಬಂದೆ, ಅದು ಬೇರೆ ಮಾತು. ಊರಿನವರಿಗೆ ಮಾತ್ರ ನೀವು ಮಾಗಡಿ ಕಡೆ ಯಾವುದೋ ಹಳ್ಳಿಯಲ್ಲಿ ನಾಟಕ ಕಲಿಸಲು ಹೋಗಿದ್ದೀರಿ ಎಂದು ಹೇಳಿದ್ದೇನೆ. ಎಲ್ಲರೂ ನಂಬಿದ್ದಾರೆ.

ನನಗೆ ಬೇಕಾಗಿರುವುದು ಒಂದೇ. ಆ ಬಾಗಿಲು ತೆಗೆಯಬೇಕು, ನಾನು ಒಳಗೆ ಬಂದು ನಿಮ್ಮ ಪಕ್ಕದಲ್ಲಿ ಕೂರಬೇಕು. ಈ ಕಾಗದ ಬರೆಯುತ್ತಿರುವುದು ಅದಕ್ಕೇ. ಆದರೆ ಅದಕ್ಕೂ ಮೊದಲು ಒಂದು ವಿಷಯ ಹೇಳಬೇಕು. ನಗುತ್ತೀರಿ, ನಗಿ, ಪರವಾಗಿಲ್ಲ. ನಿಮ್ಮ ಹೆಂಡತಿ ಪಾರ್ಟು ಮಾಡಲು ಹೋಗುತ್ತಿದ್ದಾಳೆ.

ಮೇಲಿನ ಬೀದಿ ಅನಂತರಾಜು ಮಗಳು ನವ್ಯಶ್ರೀ ಗೊತ್ತಲ್ಲ, ರಾಮನಗರದ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಕಾರ್ತಿಕದಲ್ಲಿ ಒಂದು ಭಾನುವಾರ ಮನೆಗೆ ಬಂದಳು. ಬಂದದ್ದು ನಿಮ್ಮನ್ನು ಹುಡುಕಿಕೊಂಡು. ಅವರ ಕಾಲೇಜಿನಲ್ಲಿ, ವಾಸಿಯಾಗದ ಕಾಯಿಲೆಯವರನ್ನು ಕೊನೆಯವರೆಗೂ ಹೇಗೆ ನೋಡಿಕೊಳ್ಳಬೇಕು ಎಂದು ಕಲಿಸುತ್ತಾರಂತೆ. ಕಲಿಯಲು ಒಂದು ದೊಡ್ಡ ರಬ್ಬರ್ ಗೊಂಬೆ ಇದೆ. ಸೂಜಿ ಚುಚ್ಚುವುದು, ಮಗ್ಗುಲು ಬದಲಿಸುವುದು ಎಲ್ಲ ಅದರ ಮೇಲೆ ಆಗುತ್ತದೆ. "ಆದ್ರೆ ಅತ್ತೆ, ಗೊಂಬೆ ಅಳಲ್ಲ, ಬೈಯಲ್ಲ, ನಾನು ಸತ್ತೋಗ್ತೀನಾ ಅಂತ ಕೇಳಲ್ಲ. ಅದಕ್ಕೇ ಮಾವನ್ನ ಕರ್ಕೊಂಡು ಹೋಗಿ ರೋಗಿ ಥರ ಮಲಗ್ಸೋಣ ಅಂತ ಬಂದೆ. ನಾಟಕದೋರಲ್ವಾ?" ಎಂದಳು.

ನಿಮ್ಮನ್ನು ರೋಗಿಯ ಪಾರ್ಟಿಗೆ ಕರೆಯಲು ಬಂದಿದ್ದಾಳೆ! ಮಾವ ಊರಲ್ಲಿಲ್ಲ ಎಂದೆ. ಹಾಗೆಂದ ಮೇಲೆ ಸುಮ್ಮನಿರಬೇಕಿತ್ತಲ್ಲ? ಬಾಯಿ ಎಲ್ಲಿ ಸುಮ್ಮನಿರುತ್ತದೆ. "ಅವ್ರಿಲ್ದಿದ್ರೆ ಏನಾಯ್ತವ್ವ, ನಾನೇ ಬತ್ತೀನಿ" ಎಂದುಬಿಟ್ಟೆ. ಯಾಕೆ ಅಂದೆ ಎಂದು ಆಗ ನನಗೂ ಗೊತ್ತಿರಲಿಲ್ಲ. ನಾಟಕದ ದಿನ ಜನರ ಮುಂದೆ ಕಾಫಿ ಹಂಚು ಎಂದರೂ ಸೆರಗು ಮುಚ್ಚಿಕೊಂಡು ಓಡಿಹೋಗುತ್ತಿದ್ದವಳು ನಾನು.

ಅದಕ್ಕೆ ಸಿಮ್ಯುಲೇಷನ್ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ರಿಹರ್ಸಲ್. ಆಸ್ಪತ್ರೆಯ ಹಾಗೇ ಮಂಚ, ಪರದೆ, ಬಾಟ್ಲಿ ನೇತುಹಾಕುವ ಕಂಬ. ಒಂದು ಗೋಡೆಗೆ ಕಪ್ಪು ಗಾಜು, ಅದರ ಹಿಂದೆ ನವ್ಯಶ್ರೀ ಮತ್ತು ಉಳಿದ ಹುಡುಗ ಹುಡುಗಿಯರು ಕೂತು ನೋಡುತ್ತಾರೆ. ಮುಗಿದ ಮೇಲೆ ಎಲ್ಲರೂ ಸುತ್ತ ಕೂತು, ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಾಯಿತು ಎಂದು ಮಾತಾಡುತ್ತಾರೆ. ನನಗೆ ಕೊಟ್ಟ ಪಾರ್ಟು ಮಾರಮ್ಮ. ಹಾರೋಹಳ್ಳಿ ಕಡೆಯ ಹೆಂಗಸು, ಎದೆಯಲ್ಲಿ ಗಡ್ಡೆ, ಇನ್ನು ಹೆಚ್ಚು ದಿನ ಇಲ್ಲ.

ಮೊದಲನೇ ದಿನ ಏನಾಯಿತು ಗೊತ್ತೇ? ಸಾಯುವ ಪಾರ್ಟು ಎಂದರೆ ನಾನು ನೋಡಿರುವುದು ನಿಮ್ಮನ್ನು ತಾನೇ. ಎದೆ ಹಿಡಿದುಕೊಂಡು ಮೂರು ಸುತ್ತು ಸುತ್ತಿ, ಮೊಣಕಾಲೂರಿ, ಕೈ ಎತ್ತಿ ಒಂದು ಪದ್ಯ ಹೇಳಿ, ಹಾರ್ಮೋನಿಯಂ ನಿಂತ ಮೇಲೆ ಬೀಳುವುದು. ನಾನೂ ಹಾಗೇ ಮಾಡಿದೆ ಕಣ್ರೀ! "ಅಯ್ಯಯ್ಯಪ್ಪೋ" ಎಂದು ಕಿರುಚಿ, ಪರದೆ ಹಿಡಿದು ಜಗ್ಗಿದೆ. ಪರದೆ ಕಿತ್ತುಕೊಂಡು ಬಂತು, ಬಾಟ್ಲಿ ಕಂಬ ಬಿತ್ತು. ನನಗೆ ಮಾತ್ರೆ ಕೊಡಲು ಬಂದಿದ್ದ ಹುಡುಗಿ ಹೆದರಿ ಮೂಲೆ ಸೇರಿದಳು. ಗಾಜಿನ ಹಿಂದೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನವ್ಯಶ್ರೀ ಕಣ್ಣೊರೆಸಿಕೊಂಡು ಬಂದು, "ಅತ್ತೆ, ಇವತ್ತು ನೀವು ಸಾಯ್ಬೇಕಾಗಿಲ್ಲ. ಸುಮ್ನೆ ಮಲಗಿದ್ರೆ ಸಾಕು" ಎಂದಳು.

ಸುಮ್ಮನೆ ಮಲಗುವುದೇ ಕಷ್ಟದ ಪಾರ್ಟು, ಅದು ಮಲಗಿದ ಮೇಲೆ ಗೊತ್ತಾಯಿತು. ಅವರು ಸುತ್ತ ನಿಂತು ನಮ್ಮ ವಿಷಯವನ್ನೇ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ, ನಾವು ಅಲ್ಲಿ ಇಲ್ಲವೇ ಇಲ್ಲವೇನೋ ಎನ್ನುವ ಹಾಗೆ. ಒಬ್ಬಳು ಗಂಜಿ ತಂದಳು. ಬೇಡ ಎಂದೆ. "ಒಂದೇ ಒಂದು ಚಮಚ ಅಜ್ಜಿ" ಎಂದು ತುಟಿಗೆ ಹಿಡಿದಳು. ಬೇಡ ಎಂದು ಮುಖ ತಿರುಗಿಸಿದರೆ ಚಮಚವೂ ಆ ಕಡೆಗೇ ಬಂತು. ಎಂಥ ಕೋಪ ಬಂತು ಗೊತ್ತೇ? ಆಗ ನಾನು ದೇವರಾಜು ಕೈಲಿ ಕಳಿಸುವ ಹುರಿಹಿಟ್ಟು ನೆನಪಾಯಿತು. ಡಬ್ಬಿ ವಾಪಸ್ ಬಂದಾಗಲೆಲ್ಲ, ತಿನ್ನದೆ ಇದ್ದರೆ ಹೇಗೆ ಎದ್ದು ಓಡಾಡುತ್ತೀರಿ ಎಂದು ಬೈದು ಕಳಿಸುತ್ತಿದ್ದೆನಲ್ಲ. ನಮ್ಮ ರೇಷ್ಮೆ ಹುಳು ಪೊರೆ ಬಿಡಲು ತಲೆ ಎತ್ತಿ ಕೂತಾಗ ಸೊಪ್ಪು ಹಾಕಿದರೆ ನೀವೇ ಗದರುತ್ತಿದ್ದಿರಿ, ಈಗ ಅದಕ್ಕೆ ಊಟ ಬೇಡ ಕಣೆ, ಸುಮ್ಮನಿರಲು ಬಿಡು ಎಂದು. ಇನ್ನು ಮೇಲೆ ಹುರಿಹಿಟ್ಟು ಬರುವುದಿಲ್ಲ. ನಿಮಗೆ ಬೇಕು ಅನಿಸಿದ್ದನ್ನು ಹೇಳಿ, ಒಂದು ತುತ್ತಾದರೂ ಸರಿ, ಮಾಡಿ ತರುತ್ತೇನೆ.

ವಾರಕ್ಕೊಂದು ದಿನ ಎಂದು ಹೋದವಳು ಆಮೇಲೆ ಕರೆದಾಗಲೆಲ್ಲ ಹೋದೆ. ನನಗೆ ಅಲ್ಲಿ ಇಷ್ಟವಾದದ್ದು ಏನು ಗೊತ್ತೇ? ತಪ್ಪಾದರೆ ಇನ್ನೊಂದು ಸಲ ಮಾಡಬಹುದು. ನೀವು ಒಂದು ನಾಟಕದಲ್ಲಿ ಸತ್ತು ಬಿದ್ದಾಗ ಜನ ಶಿಳ್ಳೆ ಹೊಡೆದು "ಒನ್ಸ್ ಮೋರ್" ಎಂದರು. ನೀವು ಎದ್ದು, ಮೀಸೆ ಸರಿ ಮಾಡಿಕೊಂಡು, ಇನ್ನೊಂದು ಸಲ ಪದ್ಯ ಹೇಳಿ ಸತ್ತಿರಿ. ಆ ಕಥೆಯನ್ನು ಹುಡುಗರಿಗೆ ಹೇಳಿದೆ. ಅವತ್ತಿನಿಂದ ಯಾರಾದರೂ ತಡವರಿಸಿದರೆ ಗಾಜಿನ ಹಿಂದಿನಿಂದ ಎಲ್ಲರೂ "ಒನ್ಸ್ ಮೋರ್" ಎಂದು ಕೂಗುತ್ತಾರೆ.

ಸಂಕ್ರಾಂತಿಗೆ ಮುಂಚೆ ಒಂದು ದಿನ ನವ್ಯಶ್ರೀಯನ್ನು ನಾನೇ ಕೇಳಿದೆ. ರೋಗಿ ಗೋಡೆ ಕಡೆ ತಿರುಗಿ ಮಲಗಿ, ಮನೆಯವರನ್ನು ಒಳಗೆ ಬಿಡಬೇಡಿ ಎಂದರೆ ನಿಮ್ಮ ಮಕ್ಕಳು ಏನು ಮಾಡುತ್ತಾರೆ ಎಂದು. ಅವಳು, ಹಾಗಾದರೆ ಇವತ್ತು ಅದನ್ನೇ ಮಾಡೋಣ ಎಂದಳು.

ಅವತ್ತು ನಾನು ಮಾರಮ್ಮ ಆಗಲಿಲ್ಲ. ನೀವಾದೆ.

ಗೋಡೆ ಕಡೆ ಮುಖ ಮಾಡಿ ಮಲಗಿದೆ. ಮೊದಲು ಬಂದವನು ಅಕ್ರಮ್, ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಯ ಹುಡುಗ, ಚುರುಕು, ಬಾಯಿ ಜಾಸ್ತಿ. ನಿಮ್ಮ ಮನೆಯವರು ಆಚೆ ಕಾಯುತ್ತಿದ್ದಾರೆ ಎಂದ. ಬೇಡ ಎಂದೆ. ಹಾಗೆಲ್ಲ ಅನ್ನಬಾರದು ಅಜ್ಜಿ, ಇಷ್ಟು ವರ್ಷ ಬಾಳಿದವರಲ್ವಾ, ಅವರಿಗೂ ಬೇಜಾರಾಗುತ್ತೆ ಎಂದು ಶುರು ಮಾಡಿದ. ನಾನು ಆ ಬಾಗಿಲಲ್ಲಿ ದೇವರಾಜು ಹತ್ತಿರ ಕೂಗಾಡಿದ ಮಾತುಗಳೇ ಅವು, ಒಂದೂ ಬಿಡದ ಹಾಗೆ. ಆ ಮಾತು ನನಗೆ ನ್ಯಾಯವಾಗಿ ಕಾಣಿಸಿತ್ತು. ಮಂಚದ ಮೇಲೆ ಮಲಗಿ ಕೇಳಿಸಿಕೊಂಡಾಗ ಮೈಯೆಲ್ಲ ಉರಿದುಹೋಯಿತು. "ಎದ್ದೋಗಲಾ ಆಚಿಕೆ" ಎಂದು ಗದರಿಬಿಟ್ಟೆ. ಪಾಪ, ಓಡಿಹೋದ.

ಆಮೇಲೆ ಮಿಸ್ಬಾ ಬಂದಳು. ರಾಮನಗರದ ಹುಡುಗಿ, ಅವರಪ್ಪ ರೇಷ್ಮೆ ನೂಲು ತೆಗೆಯುವವರು. ಮೆತ್ತಗಿನ ಮಾತು. ಅವಳು ಬಂದದ್ದು, ಸ್ಟೂಲ್ ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಹೋದಳೇನೋ ಎಂದುಕೊಂಡೆ. ಹೋಗದೆ ಇರಲಿ ಎಂದೂ ಅನಿಸಿತು, ಅದನ್ನೂ ನಿಮಗೆ ಹೇಳಬೇಕು. ತುಂಬಾ ಹೊತ್ತಾದ ಮೇಲೆ ಅವಳು ಕೇಳಿದಳು, "ಅವರು ಒಳಗೆ ಬಂದ್ರೆ ನಿಮಗೆ ಯಾವುದು ಕಷ್ಟ ಆಗುತ್ತೆ ಅಜ್ಜಿ?"

ನಾನು ಯೋಚನೆ ಮಾಡಿ ಹೇಳಲಿಲ್ಲ. ಬಾಯಿಂದ ತಾನಾಗಿ ಬಂತು. "ಅವ್ಳು ನನ್ನ ನೋಡ್ತಾಳಲ್ಲ, ಆಗ ಅವ್ಳ ಮೊಕ ನಾನು ನೋಡ್ಬೇಕಾಯ್ತದೆ. ಅದ್ರಾಗೆ ನಂಗೆ ಎಲ್ಲ ಗೊತ್ತಾಗ್ಬುಡ್ತದೆ" ಎಂದೆ.

ಇದು ನಿಮ್ಮ ಮಾತೇ, ಅಲ್ಲವೇ? ನಾಟಕದ ದಿನ ಸೀನರಿ ಹಿಂದೆ ಬಣ್ಣ ಹಚ್ಚಿಸಿಕೊಂಡು ಕಿರೀಟ ಇಟ್ಟ ಮೇಲೆ, ಬಣ್ಣದವನು ಕನ್ನಡಿ ಹಿಡಿದರೆ ನೀವು ಕೈಯಲ್ಲಿ ತಳ್ಳುತ್ತಿದ್ದಿರಿ. "ಕನ್ನಡಿ ಬುಡು, ಇವ್ಳ ಮೊಕ ನೋಡಿದ್ರೆ ನಂಗೆ ಹೆಂಗೈತೆ ಅಂತ ಗೊತ್ತಾಯ್ತದೆ" ಎಂದು ನನ್ನ ಕಡೆ ತಿರುಗುತ್ತಿದ್ದಿರಿ. ನಾನು ಒಸಿ ಹುಬ್ಬು ಗಂಟಿಕ್ಕಿದರೆ ಮೀಸೆ ಓರೆಯಾಗಿದೆ ಎಂದು ಲೆಕ್ಕ. ನಿಮ್ಮ ಕನ್ನಡಿ ನಾನು. ಅದಕ್ಕೇ ತಾನೇ ಈಗ ಬಾಗಿಲು ಹಾಕಿರುವುದು? ನಾನು ನಿಮ್ಮನ್ನು ನೋಡುತ್ತೇನೆ ಎಂದಲ್ಲ, ನೀವು ನನ್ನನ್ನು ನೋಡಬೇಕಲ್ಲ ಎಂದು. ಇಷ್ಟು ದಿನ ನೀವು ನನ್ನನ್ನು ದೂರ ಮಾಡಿದಿರಿ ಎಂದು ಅಳುತ್ತಿದ್ದೆ. ಅವತ್ತು ಮಂಚದ ಮೇಲೆ ಮಲಗಿಕೊಂಡೇ ನಿಮ್ಮ ಮೇಲೆ ಎಷ್ಟು ಪ್ರೀತಿ ಬಂತು ಎಂದು ಬರೆಯಲು ನನಗೆ ನಾಚಿಕೆ. ಬಂತು, ಅಷ್ಟೇ.

ಸುತ್ತ ಕೂತು ಮಾತಾಡಿದ್ದೂ ಮುಗಿಯಿತು. ಎಲ್ಲರೂ ಹೋದ ಮೇಲೆ ನವ್ಯಶ್ರೀಗೂ ಮಿಸ್ಬಾಗೂ ನಿಜ ಹೇಳಿದೆ. ಮಾವ ನಾಟಕಕ್ಕೆ ಹೋಗಿಲ್ಲ ಕಣ್ರವ್ವ, ಕುದೂರಲ್ಲಿ ಮಲಗಿದ್ದಾರೆ ಎಂದೆ. ಮಿಸ್ಬಾ ನನ್ನ ಕೈ ಹಿಡಿದುಕೊಂಡು ಕೂತಳು. ನವ್ಯಶ್ರೀ, "ಹಾಗಾದ್ರೆ ಅತ್ತೆ, ಇನ್ಮೇಲೆ ನಿಮ್ಮ ರಿಹರ್ಸಲ್" ಎಂದಳು.

ಮುಂದಿನ ಸಲ ಹೋದಾಗ ಮಂಚದ ಮೇಲೆ ಅಕ್ರಮ್‌ನನ್ನು ಮಲಗಿಸಿದರು. ಬೇಕೆಂದೇ ಕೇಳಿಕೊಂಡನಂತೆ, ತಾನು ತಪ್ಪು ಮಾಡಿದ್ದು ಯಾವ ಜಾಗ ಎಂದು ಮಲಗಿ ನೋಡುತ್ತೇನೆ ಎಂದು. ನಿಮ್ಮ ಹಾಗೆ ಕಾಣಲಿ ಎಂದು ಕಾಡಿಗೆಯಲ್ಲಿ ಮೀಸೆ ಬರೆದುಕೊಂಡಿದ್ದ, ಕಡ್ಡಿಯಂಥ ಹುಡುಗ. ನಾನು ಬಾಗಿಲು ತೆಗೆದು ಒಳಗೆ ಹೋದೆ. ಹೋದವಳೇ ಶುರು ಮಾಡಿದೆ ನೋಡಿ, ಏನ್ರೀ ನಿಮಗೆ ಬುದ್ಧಿ ಐತಾ, ಊರವರ ಹತ್ತಿರ ನಾನೆಷ್ಟು ಸುಳ್ಳು ಹೇಳಲಿ ಎಂದು. ಗಾಜಿನ ಹಿಂದಿನಿಂದ "ಒನ್ಸ್ ಮೋರ್". ಆಚೆ ಹೋಗಿ ಮತ್ತೆ ಬಂದೆ. ಈ ಸಲ ಬಾಗಿಲಲ್ಲೇ ಗೊಳೋ ಎಂದು ಅತ್ತೆ, ನನ್ನನ್ನು ನೋಡಿ ಆ ಹುಡುಗನೂ ಅತ್ತು, ಮೀಸೆಯೆಲ್ಲ ಕೆನ್ನೆಗೆ ಇಳಿಯಿತು. ಮತ್ತೊಂದು ಸಲ ಮನಸ್ಸು ಕಲ್ಲು ಮಾಡಿಕೊಂಡು, ನಗುನಗುತ್ತಾ, ಏನೂ ಆಗಿಲ್ಲ ಬುಡಿ, ಯುಗಾದಿ ಹೊತ್ತಿಗೆ ಎದ್ದು ಕೂರುತ್ತೀರಿ ಎಂದೆ. ಇದು ಚೆನ್ನಾಗಿತ್ತು ಎಂದು ನಾನೇ ಖುಷಿಪಟ್ಟೆ. ಅಕ್ರಮ್ ಎದ್ದು ಕೂತು, "ಇಲ್ಲ ಅಜ್ಜಿ. ನೀವು ಹಂಗಂದ್ರೆ ನಾನಿನ್ನು ಏನೂ ಹೇಳ್ಕೊಳ್ಳಕ್ಕೆ ಆಗಲ್ಲ. ನೋವು ಅಂತಾನೂ ಹೇಳಕ್ಕಾಗಲ್ಲ" ಎಂದ.

ಹಾಗಾದರೆ ಯಾವ ಮುಖ ಹೊತ್ತುಕೊಂಡು ಹೋಗಲಿ ಎಂದು ನಾನು ಸಿಟ್ಟಿನಲ್ಲೇ ಕೇಳಿದೆ. ನವ್ಯಶ್ರೀ ಬಂದು ಪಕ್ಕದಲ್ಲಿ ಕೂತಳು. ಯಾವ ಮುಖವನ್ನೂ ಮಾಡಿಕೊಳ್ಳಬೇಡಿ ಅತ್ತೆ, ಅಳು ಬಂದರೆ ಅಳಿ, ಅದೇನೂ ತಪ್ಪಲ್ಲ, ಅತ್ತ ಮೇಲೂ ಅಲ್ಲೇ ಕೂತಿದ್ದರೆ ಸಾಕು ಎಂದಳು. ಅವತ್ತು ಸಾಯಂಕಾಲ ಬಸ್ಸಿನಲ್ಲಿ ಬರುವಾಗ ನಾನು ಯೋಚಿಸಿದ್ದು ಇಷ್ಟೇ. ಪಾರ್ಟು ನಿಮ್ಮದು. ನನಗೆ ಬಣ್ಣ ಹಚ್ಚಿಕೊಳ್ಳಲು ಬರುವುದಿಲ್ಲ. ಬಣ್ಣ ತೆಗೆಯಲು ಬರುತ್ತದೆ.

ಅದು ನೆನಪಿದೆ ತಾನೇ? ನಾಟಕ ಮುಗಿದು ಬೆಳಗಾದ ಮೇಲೆ, ಜನ ಎಲ್ಲ ಹೋದ ಮೇಲೆ, ನೀವು ಪಂಪ್‌ಹೌಸ್ ಕಟ್ಟೆ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದಿರಿ. ಹತ್ತಿಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿ ನಾನು ಒರೆಸುತ್ತಿದ್ದೆ. ಮೊದಲು ಮೀಸೆ ಹೋಗುತ್ತಿತ್ತು, ಆಮೇಲೆ ಹುಬ್ಬು, ಆಮೇಲೆ ಕೆನ್ನೆಯ ಕೆಂಪು. ಕೊನೆಗೆ ನಿದ್ದೆಗೆಟ್ಟು ಬಾಡಿದ ಒಂದು ಮುಖ ಉಳಿಯುತ್ತಿತ್ತು. ಅದರ ಮೇಲೆ ನೊಣ ಕೂತರೂ ಓಡಿಸಲು ನಿಮಗೆ ಶಕ್ತಿ ಇರುತ್ತಿರಲಿಲ್ಲ. ದೇವರಾಜು ಕೈಲಿ ನೀವು ಹೇಳಿ ಕಳಿಸಿದ್ದು ತಪ್ಪು ಕಣ್ರೀ. ರಾಜಾಪಾರ್ಟು ನೋಡಿದ್ದು ಊರಿನ ಜನ. ನಾನು ನೋಡಿರುವುದು ಆ ಮುಖವನ್ನ. ನಾನು ಮದುವೆಯಾಗಿರುವುದೂ ಅದನ್ನೇ. ಅದಕ್ಕಿಂತ ಒಸಿ ಬಾಡಿದೆ ಎಂದರೆ ನನಗೆ ಗುರುತು ಸಿಗುವುದಿಲ್ಲ ಎಂದುಕೊಂಡಿರಾ?

ಮಿಸ್ಬಾ ನನಗೆ ಇನ್ನೂ ಕೆಲವು ಕಲಿಸಿದ್ದಾಳೆ. ನೋವಾಗದ ಹಾಗೆ ಮಗ್ಗುಲು ಬದಲಿಸುವುದು, ಬೆನ್ನಿಗೆ ದಿಂಬು ಒತ್ತು ಕೊಡುವುದು. ಬಾಯಿ ಒಣಗಿದರೆ ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿ, ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರುವುದು. ಇದೊಂದನ್ನು ನೀನು ಹೇಳಿಕೊಡಬೇಕಾಗಿಲ್ಲವ್ವ ಎಂದು ಅವಳಿಗೆ ಹೇಳಿದೆ, ನನ್ನ ಕೈಗೆ ಇದು ಹಳೇ ಕೆಲಸ.

ನೀವು "ಹೆಂಗೈತೆ?" ಎಂದು ಕೇಳಿದರೆ ನಿಜ ಹೇಳುತ್ತೇನೆ. ಕೇಳದಿದ್ದರೆ ಸುಮ್ಮನೆ ಕೂತಿರುತ್ತೇನೆ. ನೀವು ಗೋಡೆ ಕಡೆಗೇ ತಿರುಗಿಕೊಂಡಿರಿ, ನನಗೆ ಬೆನ್ನಾದರೂ ಸಾಕು. ರಿಹರ್ಸಲ್ಲಿನಲ್ಲಿ ಮಾಡುವಷ್ಟು ತಪ್ಪನ್ನೆಲ್ಲ ಮಾಡಿ ಮುಗಿಸಿದ್ದೇನೆ. ಕುದೂರಿನಲ್ಲಿ ಒನ್ಸ್ ಮೋರ್ ಇಲ್ಲ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ನನ್ನನ್ನು ಆಚೆ ನಿಲ್ಲಿಸಿ ಇದನ್ನು ಮುಗಿಸಬೇಡಿ.

ಮನೆ ಕಡೆ ಯೋಚನೆ ಬೇಡ. ಹುಳು ಗೂಡು ಕಟ್ಟಿ, ಗೂಡು ಮಾರ್ಕೆಟ್ಟಿಗೂ ಹೋಯಿತು. ನಮ್ಮ ಪುಟ್ಟಿ ಹಾರೋಹಳ್ಳಿ ಫ್ಯಾಕ್ಟರಿಗೆ ರಜ ಹಾಕಿ ಬಂದಿದ್ದಾಳೆ, ಹಸುವನ್ನು ನಾನು ನೋಡಿಕೊಳ್ಳುತ್ತೇನೆ, ಅಪ್ಪನ ಹತ್ತಿರ ನೀನಿರು ಎಂದಿದ್ದಾಳೆ. ಊರಿನವರಿಗೂ ಈವತ್ತು ಬೆಳಿಗ್ಗೆ ನಿಜ ಹೇಳಿಬಿಟ್ಟೆ. ನಿಮ್ಮ ಹಾರ್ಮೋನಿಯಂ ಮೇಷ್ಟ್ರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಜಗಲಿಯಿಂದ ಎದ್ದು ಹೋದರು.

ಬಾಗಿಲು ತೆಗೆಯಿರಿ.

ನಿಮ್ಮ ಕನ್ನಡಿ,
ಮಾಯಮ್ಮ

ತಾ.ಕ.: ಅಂಚೆಗೆ ಹಾಕಿದರೆ ಯಾವಾಗ ತಲುಪುತ್ತದೋ ಎಂದು ರಾಮನಗರದಲ್ಲಿ ಬಸ್ಸು ಹತ್ತಿ, ಮಾಗಡಿಯಲ್ಲಿ ಇಳಿದು ಇನ್ನೊಂದು ಹತ್ತಿ, ಕಾಗದವನ್ನು ನಾನೇ ತಂದಿದ್ದೇನೆ. ಇವತ್ತು ಭಾನುವಾರ. ಈ ನಾಲ್ಕು ಸಾಲು ಬರೆಯುತ್ತಿರುವುದು ನಿಮ್ಮ ಕೋಣೆಯ ಕಿಟಕಿಯ ಕೆಳಗೆ, ದೇವರಾಜುವಿನ ಮನೆ ಜಗಲಿ ಮೇಲೆ ಕೂತು. ಪೆನ್ನೂ ಅವನದೇ. ನೀವು ಈಗ ಕೆಮ್ಮಿದ್ದು ಕೇಳಿಸಿತು. ಬೇಡ ಎನ್ನುವುದಾದರೆ ಅವನ ಕೈಲಿ ಹೇಳಿಸಬೇಡಿ, ನೀವೇ ಹೇಳಿ. ನಿಮ್ಮ ದನಿ ಕೇಳಿದ ಹಾಗಾದರೂ ಆಗುತ್ತದೆ, ಎದ್ದು ಹೋಗುತ್ತೇನೆ. ಬಾ ಎನ್ನುವುದಾದರೆ ಏನೂ ಹೇಳಬೇಕಾಗಿಲ್ಲ. ಅವಸರವಿಲ್ಲ. ಎಣ್ಣೆ ಬಾಟ್ಲಿ ಚಳಿಗೆ ಗಡ್ಡೆ ಕಟ್ಟಿದೆ, ಇಲ್ಲೇ ಬಿಸಿಲಿಗೆ ಇಟ್ಟುಕೊಂಡು ಕೂತಿದ್ದೇನೆ. ಕರಗಿದ ಕೂಡಲೇ ಒಳಗೆ ಬರುತ್ತೇನೆ.